ಬಲಿಪೀಠದ ಮುಂದೆ ಗುರುಗಳು: ಪರಮಪ್ರಸಾದದ ಗೌರವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಥೋಲಿಕ ದೇವಾಲಯದ ಬಲಿಪೂಜೆಗೆ (ಮಾಸ್) ಬೇಕಾದ ಪಾತ್ರೆ, ವಸ್ತ್ರ, ರೊಟ್ಟಿ, ದ್ರಾಕ್ಷಾರಸಗಳನ್ನು ಅಣಿಗೊಳಿಸುವ ಸೇವೆ ನನ್ನದು. ಜೊತೆಗೆ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ಮೊದಲ ಬಾರಿ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸಲಿರುವ ಮಕ್ಕಳು, ಅವರ ತಂದೆತಾಯಂದಿರು, ಮದುವೆಗೋ ಶವಸಂಸ್ಕಾರಕ್ಕೋ ಬಂದ ಬೇರೆ ಧರ್ಮದ ಸ್ನೇಹಿತರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗುರುಗಳ ನಡವಳಿಕೆಯ ಸುತ್ತಲೇ ಇರುತ್ತವೆ. ಆ ಚಿಕ್ಕ ಬಿಳಿ ರೊಟ್ಟಿಯ ಮುಂದೆ ಅವರು ಏಕೆ ಹಾಗೆ ಬಾಗುತ್ತಾರೆ, ಏಕೆ ಅಷ್ಟು ಜೋಪಾನ ಮಾಡುತ್ತಾರೆ? ಧರ್ಮಸಭೆಯ ಬೋಧನೆಯನ್ನೂ ಪೀಠದ ಪಕ್ಕದಲ್ಲಿ ನಿಂತು ಕಂಡದ್ದನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ಇಲ್ಲಿನ ವಿಧಿವಿವರಗಳು ರೋಮಿನ ಪೂಜಾಕ್ರಮವನ್ನು ಅನುಸರಿಸುವ ಲ್ಯಾಟಿನ್ ಪದ್ಧತಿಗೆ ಸಂಬಂಧಿಸಿದವು.

ಅದು ರೊಟ್ಟಿ ತಾನೇ? ಅದರ ಮುಂದೆ ಮೊಣಕಾಲೂರುವುದೇಕೆ?

ಪೂಜೆ ಆರಂಭವಾಗುವಾಗ ಅದು ರೊಟ್ಟಿಯೇ. ಗೋಧಿಹಿಟ್ಟು, ನೀರು, ಅಷ್ಟೇ. ಹುಳಿಹಿಟ್ಟೂ ಇಲ್ಲ, ಉಪ್ಪೂ ಇಲ್ಲ. ಕಡೆಯ ಭೋಜನದಲ್ಲಿ ಯೇಸುಸ್ವಾಮಿ ಆಡಿದ ಮಾತುಗಳನ್ನು ಗುರುಗಳು ಉಚ್ಚರಿಸಿದ ಮೇಲೆ ಅದು ಕ್ರಿಸ್ತರ ಶರೀರವಾಗುತ್ತದೆ, ಪಾನಪಾತ್ರೆಯಲ್ಲಿರುವುದು ಅವರ ರಕ್ತವಾಗುತ್ತದೆ ಎಂಬುದು ಕಥೋಲಿಕರ ವಿಶ್ವಾಸ. ಬಣ್ಣ, ರುಚಿ, ಆಕಾರ ಹಾಗೆಯೇ ಉಳಿಯುತ್ತವೆ. ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದರೂ ಗೋಧಿಯ ಗುಣಗಳೇ ಸಿಗುತ್ತವೆ. ಬದಲಾಗುವುದು ಅದು ಏನಾಗಿದೆ ಎಂಬುದು. ಕ್ರಿಸ್ತರು ಅಲ್ಲಿ ನಿಜವಾಗಿ, ವಾಸ್ತವವಾಗಿ, ಸತ್ವರೂಪದಲ್ಲಿ ಇದ್ದಾರೆ ಎಂದು ಧರ್ಮಾಧ್ಯಕ್ಷರು (ಬಿಷಪರು) ಕೂಡಿದ ಟ್ರೆಂಟ್ ಮಹಾಸಭೆ 1551ರಲ್ಲಿ ಘೋಷಿಸಿತು.

ಇದನ್ನು ನಂಬಿದವನಿಗೆ ಉಳಿದದ್ದೆಲ್ಲ ಸಹಜವಾಗಿಯೇ ಬರುತ್ತದೆ. ದೇವರು ಎದುರಿಗಿದ್ದಾರೆ ಎಂದು ಗೊತ್ತಿರುವ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೋ ಗುರುಗಳು ಹಾಗೆ ನಡೆದುಕೊಳ್ಳುತ್ತಾರೆ. ನಂಬದವರಿಗೆ ಇದು ವಿಚಿತ್ರವಾಗಿ ಕಾಣುವುದೂ ಸಹಜ. ಅದಕ್ಕೆ ಬೇಸರ ಪಟ್ಟುಕೊಳ್ಳಬೇಕಾಗಿಲ್ಲ. ಯೊವಾನ್ನರ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಈ ಮಾತನ್ನು ಸ್ವತಃ ಯೇಸುವಿನ ಬಾಯಿಂದ ಕೇಳಿದ ಶಿಷ್ಯರಲ್ಲೇ ಅನೇಕರು ‘ಇದು ಕಠಿಣವಾದ ಮಾತು’ ಎಂದು ಬಿಟ್ಟುಹೋದರು. ಅವರನ್ನು ಉಳಿಸಿಕೊಳ್ಳಲು ಯೇಸು ತಮ್ಮ ಮಾತನ್ನು ಮೆದುಗೊಳಿಸಲಿಲ್ಲ.

‘ಇದು ನನ್ನ ಶರೀರ’ ಎಂದು ಹೇಳುವವರು ಗುರುಗಳು. ಹಾಗಾದರೆ ‘ನನ್ನ’ ಎಂದರೆ ಯಾರು?

ಕ್ರಿಸ್ತರು. ‘ಇದು ಕ್ರಿಸ್ತರ ಶರೀರ ಎಂದು ಯೇಸು ಹೇಳಿದರು’ ಎಂಬ ವರದಿಯ ಧಾಟಿಯಲ್ಲಿ ಆ ಕ್ಷಣ ಮುಗಿಯುವುದಿಲ್ಲ. ಕಥನವಾಗಿ ಆರಂಭವಾದ ಪ್ರಾರ್ಥನೆ ನೇರ ಮಾತಿಗೆ ಹೊರಳುತ್ತದೆ. ಗುರುಗಳು ತಮ್ಮ ನಾಲಿಗೆಯನ್ನು, ಕೈಗಳನ್ನು ಇನ್ನೊಬ್ಬರಿಗೆ ಒಪ್ಪಿಸಿಬಿಡುತ್ತಾರೆ. ಕ್ರಿಸ್ತರ ಸ್ಥಾನದಲ್ಲಿ ನಿಂತು, ಅವರ ವ್ಯಕ್ತಿಯಾಗಿ ಮಾತನಾಡುವುದು ಎಂದು ಧರ್ಮಸಭೆ ಇದನ್ನು ವಿವರಿಸುತ್ತದೆ. ಗುರುಗಳ ಗೌರವದ ಬೇರು ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ತನ್ನ ಶಕ್ತಿಯಿಂದ ಏನೂ ಆಗುತ್ತಿಲ್ಲ ಎಂಬುದನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಬೇರೆ ಯಾರೂ ಇಲ್ಲ. ಹಿಂದಿನ ರಾತ್ರಿ ಯಾರ ಮೇಲೋ ಸಿಡುಕಿದ ನಾಲಿಗೆ ಅದು, ಬೆಳಿಗ್ಗೆ ಮರೆತ ಪ್ರಾರ್ಥನೆಗಳು ಅವರವೇ. ಆದರೂ ಆ ಬಾಯಿಂದ ‘ನನ್ನ ಶರೀರ’ ಎಂಬ ಮಾತು ಬರುತ್ತದೆ, ಅದು ನೆರವೇರುತ್ತದೆ.

ಇದೆಲ್ಲ ಮಧ್ಯಯುಗದಲ್ಲಿ ಹುಟ್ಟಿಕೊಂಡ ನಂಬಿಕೆಯಲ್ಲವೇ?

ಅಲ್ಲ. ಮಧ್ಯಯುಗದಲ್ಲಿ ಬಂದದ್ದು ಇದನ್ನು ವಿವರಿಸುವ ತತ್ವಶಾಸ್ತ್ರದ ಪರಿಭಾಷೆ. ವಿಶ್ವಾಸ ಅದಕ್ಕಿಂತ ಸಾವಿರ ವರ್ಷ ಹಳೆಯದು. ಈ ರೊಟ್ಟಿಯನ್ನು ಅಯೋಗ್ಯವಾಗಿ ಉಣ್ಣುವವನು ಪ್ರಭುವಿನ ಶರೀರಕ್ಕೂ ರಕ್ತಕ್ಕೂ ದ್ರೋಹಿಯಾಗುತ್ತಾನೆ ಎಂದು ಸಂತ ಪೌಲರು ಕೊರಿಂಥದ ಸಭೆಗೆ ಮೊದಲನೇ ಶತಮಾನದಲ್ಲೇ ಬರೆದರು. ಎರಡನೇ ಶತಮಾನದ ಆರಂಭದಲ್ಲಿ ರೋಮಿಗೆ ಮರಣದಂಡನೆಗಾಗಿ ಒಯ್ಯಲ್ಪಡುತ್ತಿದ್ದ ಅಂತಿಯೋಕ್ಯದ ಧರ್ಮಾಧ್ಯಕ್ಷ ಸಂತ ಇಗ್ನೇಷಿಯಸರು, ದಾರಿಯಲ್ಲಿ ಬರೆದ ಪತ್ರವೊಂದರಲ್ಲಿ, ಪರಮಪ್ರಸಾದವು ನಮ್ಮ ರಕ್ಷಕರ ಶರೀರವೆಂದು ಒಪ್ಪದವರ ಬಗ್ಗೆ ಎಚ್ಚರಿಸುತ್ತಾರೆ. ಸುಮಾರು 155ರಲ್ಲಿ ಸಂತ ಜಸ್ಟಿನರು ರೋಮನ್ ಚಕ್ರವರ್ತಿಗೆ ಬರೆದ ಅರಿಕೆಯಲ್ಲಿ, ನಾವು ಇದನ್ನು ಸಾಮಾನ್ಯ ರೊಟ್ಟಿಯಾಗಿ ಸ್ವೀಕರಿಸುವುದಿಲ್ಲ ಎಂದು ಬಿಡಿಸಿ ಹೇಳಿದ್ದಾರೆ. ಬರಲಾಗದವರಿಗೆ ಸೇವಾಕರ್ತರು (ಡೀಕನರು) ಅದನ್ನು ಒಯ್ಯುತ್ತಿದ್ದರೆಂದೂ ತಿಳಿಸಿದ್ದಾರೆ. 304ರಲ್ಲಿ ಉತ್ತರ ಆಫ್ರಿಕದ ಅಬಿತಿನೆಯ ಕ್ರೈಸ್ತರು, ಕೂಡಿ ಪೂಜೆ ಮಾಡಬಾರದೆಂಬ ರಾಜಾಜ್ಞೆ ಮೀರಿದ್ದಕ್ಕೆ ಹಿಡಿಯಲ್ಪಟ್ಟಾಗ, ಭಾನುವಾರದ ಪ್ರಭುಭೋಜನವಿಲ್ಲದೆ ನಮಗೆ ಬದುಕಲಾಗದು ಎಂದರು. ರೊಟ್ಟಿಯ ತುಣುಕಿಗಾಗಿ ಯಾರೂ ಪ್ರಾಣ ಕೊಡುವುದಿಲ್ಲ.

ಪೂಜೆಗೆ ಮುನ್ನ ಗುರುಗಳು ಏನು ಸಿದ್ಧತೆ ಮಾಡಿಕೊಳ್ಳುತ್ತಾರೆ?

ಕಾನೂನಿನ ದೃಷ್ಟಿಯಿಂದ ಕೇಳಿದರೆ ಉತ್ತರ ಚಿಕ್ಕದು. ಪ್ರಾರ್ಥನೆಯಿಂದ ಸಿದ್ಧರಾಗಬೇಕು, ಮುಗಿದ ಮೇಲೆ ದೇವರಿಗೆ ಕೃತಜ್ಞತೆ ಸಲ್ಲಿಸಬೇಕು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 909ನೇ ವಿಧಿ ಹೇಳುತ್ತದೆ. ಪರಮಪ್ರಸಾದ ಸ್ವೀಕರಿಸುವುದಕ್ಕೆ ಕನಿಷ್ಠ ಒಂದು ಗಂಟೆ ಮುಂಚಿನಿಂದ ಉಪವಾಸ ಇರಬೇಕು. ನೀರಿಗೂ ಔಷಧಿಗೂ ತಡೆಯಿಲ್ಲ. ಹಿಂದೆ ಈ ಉಪವಾಸ ನಡುರಾತ್ರಿಯಿಂದಲೇ ಆರಂಭವಾಗುತ್ತಿತ್ತು. ಪೋಪ್ ಹನ್ನೆರಡನೇ ಪಿಯುಸರು 1950ರ ದಶಕದಲ್ಲಿ ಅದನ್ನು ಮೂರು ಗಂಟೆಗೆ ಇಳಿಸಿದರು, ಪೋಪ್ ಆರನೇ ಪೌಲರು 1964ರಲ್ಲಿ ಒಂದು ಗಂಟೆಗೆ ತಂದರು. ಅದೇ ದಿನ ಎರಡನೇ ಅಥವಾ ಮೂರನೇ ಪೂಜೆ ಅರ್ಪಿಸಬೇಕಾದ ಗುರುಗಳು ನಡುವೆ ಏನಾದರೂ ತಿನ್ನಬಹುದು. ವಯಸ್ಸಾದವರು, ಕಾಯಿಲೆಯವರು ಮತ್ತು ಅವರ ಆರೈಕೆ ಮಾಡುವವರು ಒಂದು ಗಂಟೆ ಕಾಯಬೇಕಾಗಿಲ್ಲ.

ಕಾನೂನಿನಲ್ಲಿ ಬರೆಯದ ಸಿದ್ಧತೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಪೂಜಾವಸ್ತ್ರ ತೊಡುವ ಕೋಣೆಯಲ್ಲಿ ಆಗುವ ಮಾತುಗಳನ್ನು ಗಮನಿಸಿ. ಹಾಡಿನ ಸಂಖ್ಯೆ, ಪ್ರಕಟಣೆಯ ಚೀಟಿ, ಧ್ವನಿವರ್ಧಕದ ತೊಂದರೆ ಎಲ್ಲವೂ ಆ ಕೊನೆಯ ಐದು ನಿಮಿಷಕ್ಕೇ ಬಂದು ಬೀಳುತ್ತವೆ. ನಾನು ಕಂಡ ಒಬ್ಬ ಹಿರಿಯ ಗುರುಗಳು ಭುಜದ ಪಟ್ಟಿಯನ್ನು ಕೈಗೆತ್ತಿಕೊಂಡ ಮೇಲೆ ಯಾರ ಜೊತೆಗೂ ಮಾತನಾಡುತ್ತಿರಲಿಲ್ಲ. ಗದರುತ್ತಿರಲೂ ಇಲ್ಲ. ಆ ಪಟ್ಟಿಯ ನಡುವಿನ ಶಿಲುಬೆಗೆ ಮುತ್ತಿಟ್ಟು ಹೆಗಲಿಗೆ ಹಾಕಿಕೊಂಡು ಗೋಡೆಯ ಶಿಲುಬೆಯ ಕಡೆ ತಿರುಗಿ ನಿಂತುಬಿಡುತ್ತಿದ್ದರು. ಪ್ರಶ್ನೆ ಹಿಡಿದು ಓಡಿಬಂದವರು ಬಾಗಿಲಲ್ಲೇ ನಿಂತು ತಾವಾಗಿ ದನಿ ತಗ್ಗಿಸುತ್ತಿದ್ದರು. ಮಕ್ಕಳಿಗೆ ನಾನು ವಾರಗಟ್ಟಲೆ ಹೇಳಿ ಕಲಿಸಲಾಗದ್ದನ್ನು ಅವರ ಬೆನ್ನು ನೋಡಿಯೇ ಮಕ್ಕಳು ಕಲಿತರು.

ಪೂಜೆಯ ನಡುವೆ ಗುರುಗಳು ತಮ್ಮಷ್ಟಕ್ಕೆ ಏನೋ ಗುನುಗುತ್ತಾರಲ್ಲ, ಅದೇನು?

ಜನರ ಪರವಾಗಿ ಗಟ್ಟಿಯಾಗಿ ಹೇಳುವ ಪ್ರಾರ್ಥನೆಗಳಲ್ಲದೆ, ಗುರುಗಳು ತಮಗಾಗಿ ಮೆಲುದನಿಯಲ್ಲಿ ಹೇಳಬೇಕಾದವೂ ಇವೆ. ದ್ರಾಕ್ಷಾರಸಕ್ಕೆ ತುಸು ನೀರು ಬೆರೆಸುವಾಗ, ನಮ್ಮ ಮನುಷ್ಯತ್ವದಲ್ಲಿ ಪಾಲುಗೊಳ್ಳಲು ತಮ್ಮನ್ನು ತಗ್ಗಿಸಿಕೊಂಡವರ ದೈವತ್ವದಲ್ಲಿ ನಮಗೂ ಪಾಲು ಸಿಗಲಿ ಎಂದು ಬೇಡುತ್ತಾರೆ. ಕೈ ತೊಳೆಯುವಾಗ ತಮ್ಮ ಪಾಪವನ್ನು ತೊಳೆಯುವಂತೆ ಕೇಳಿಕೊಳ್ಳುತ್ತಾರೆ. ಪರಮಪ್ರಸಾದ ಸ್ವೀಕರಿಸುವ ಮುನ್ನ ಹೇಳುವ ಪ್ರಾರ್ಥನೆಗಳಲ್ಲಿ ಒಂದರ ಕೊನೆಯ ಬೇಡಿಕೆ, ನಿಮ್ಮಿಂದ ನಾನು ಎಂದಿಗೂ ಅಗಲದಂತೆ ಮಾಡಿ ಎಂಬುದು. ಇಡೀ ಪೂಜೆಯಲ್ಲಿ ನನ್ನನ್ನು ಅತ್ಯಂತ ಹೆಚ್ಚು ತಟ್ಟುವ ಮಾತು ಅದು. ನೂರಾರು ಜನರ ಮುಂದೆ ನಿಂತ ಮನುಷ್ಯ ಆ ಹೊತ್ತಿನಲ್ಲಿ ತನ್ನೊಬ್ಬನಿಗಾಗಿ ಬೇಡುತ್ತಿರುತ್ತಾನೆ.

ಎಲ್ಲರೂ ಸ್ವೀಕರಿಸಿಯಾದ ಮೇಲೆ ತಟ್ಟೆಯನ್ನು ಅಷ್ಟು ಹೊತ್ತು ಒರೆಸುವುದೇಕೆ?

ಮಕ್ಕಳ ಅಚ್ಚುಮೆಚ್ಚಿನ ಪ್ರಶ್ನೆ ಇದು. ಉತ್ತರ ಕೊಡಲು ನನಗೂ ಇಷ್ಟ.

ಕ್ರಿಸ್ತರು ಪ್ರತಿ ತುಣುಕಿನಲ್ಲೂ ಪೂರ್ಣವಾಗಿ ಇದ್ದಾರೆ. ರೊಟ್ಟಿಯನ್ನು ಮುರಿದರೆ ಕ್ರಿಸ್ತರು ಭಾಗವಾಗುವುದಿಲ್ಲ. ಆದ್ದರಿಂದ ದೊಡ್ಡ ರೊಟ್ಟಿಗೆ ಹೆಚ್ಚು ಗೌರವ, ಪುಡಿಗೆ ಕಡಿಮೆ ಗೌರವ ಎಂಬ ಲೆಕ್ಕ ಇಲ್ಲ. ಗುರುಗಳು ರೊಟ್ಟಿ ಮುರಿಯುವಾಗ ಸಣ್ಣ ಚೂರುಗಳು ಸಿಡಿಯುತ್ತವೆ. ಕೆಳಗೆ ಹಾಸಿದ ಚೌಕ ಬಿಳಿ ವಸ್ತ್ರ ಇರುವುದೇ ಅವನ್ನು ಹಿಡಿಯಲು. ಅದಕ್ಕಾಗಿಯೇ ಅದನ್ನು ಅಂಚುಗಳು ಒಳಗೆ ಬರುವಂತೆ ಒಂಬತ್ತು ಚೌಕಗಳಾಗಿ ಮಡಿಸುತ್ತೇವೆ. ಅದನ್ನು ಮಡಿಸುವಾಗ ಎಂದಿಗೂ ಕೊಡವಬಾರದು ಎಂಬುದು ಈ ಸೇವೆಗೆ ಬರುವವರಿಗೆ ನಾನು ಕಲಿಸುವ ಮೊದಲ ಪಾಠ.

ಈಗ ತಟ್ಟೆಯ ಕಡೆ ನೋಡಿ. ಗುರುಗಳು ಅದನ್ನು ಪಾನಪಾತ್ರೆಯ ಮೇಲೆ ಓರೆಯಾಗಿ ಹಿಡಿದು ಬೆರಳಿನಿಂದಲೋ ಬಟ್ಟೆಯಿಂದಲೋ ಚೂರುಗಳನ್ನು ಒಳಕ್ಕೆ ಸರಿಸುತ್ತಾರೆ. ಹೆಬ್ಬೆರಳು, ತೋರುಬೆರಳುಗಳನ್ನು ಒಂದಕ್ಕೊಂದು ಉಜ್ಜಿ ಅಂಟಿದ್ದನ್ನೂ ಉದುರಿಸುತ್ತಾರೆ. ಚಿನ್ನದ ಲೇಪವಿರುವ ತಟ್ಟೆಯ ಮೇಲೆ ಬಿಳಿ ಚೂರು ಸುಲಭವಾಗಿ ಕಾಣುವುದಿಲ್ಲ. ಬೆಳಕಿಗೆ ಒಡ್ಡಿ ತಿರುಗಿಸಬೇಕು. ಆಮೇಲೆ ನೀರು ಹಾಕಿ, ಆ ನೀರನ್ನು ಕುಡಿದು, ಪಾತ್ರೆಯನ್ನು ಒರೆಸುತ್ತಾರೆ. ಹಳೆಯ ವಿಧಿಯಲ್ಲಿ ರೊಟ್ಟಿಯ ಪವಿತ್ರೀಕರಣವಾದ ಕ್ಷಣದಿಂದ ಬೆರಳು ತೊಳೆಯುವ ತನಕ ಗುರುಗಳು ಆ ಎರಡು ಬೆರಳುಗಳನ್ನು ಜೋಡಿಸಿಯೇ ಇಟ್ಟುಕೊಳ್ಳುತ್ತಿದ್ದರು. ಈಗ ಅದು ಕಡ್ಡಾಯವಲ್ಲ, ಆದರೂ ಹಾಗೆಯೇ ಮಾಡುವ ಗುರುಗಳಿದ್ದಾರೆ.

ಈ ಕೆಲಸ ನಡೆಯುವಾಗ ಹಾಡು ಇನ್ನೂ ಮುಗಿದಿರುವುದಿಲ್ಲ, ಜನ ಕಣ್ಣು ಮುಚ್ಚಿಕೊಂಡಿರುತ್ತಾರೆ. ಯಾರೂ ನೋಡುವುದಿಲ್ಲ. ಒಬ್ಬ ಗುರುಗಳ ವಿಶ್ವಾಸದ ಬಗ್ಗೆ ಅವರ ಪ್ರಬೋಧನೆಗಿಂತ ಆ ಒಂದೂವರೆ ನಿಮಿಷ ಹೆಚ್ಚು ಹೇಳುತ್ತದೆ ಎಂದು ನಾನು ನಂಬಿದ್ದೇನೆ.

ಪರಮಪ್ರಸಾದ ಕೆಳಗೆ ಬಿದ್ದರೆ?

ಗಾಬರಿ ಬೇಡ. ಗುರುಗಳು ಅಥವಾ ಹಂಚುತ್ತಿರುವವರು ಗೌರವದಿಂದ ಎತ್ತಿಕೊಳ್ಳುತ್ತಾರೆ. ಪಾನಪಾತ್ರೆಯಿಂದ ಚೆಲ್ಲಿದ್ದರೆ ಆ ಜಾಗವನ್ನು ನೀರಿನಿಂದ ತೊಳೆದು, ಆ ನೀರನ್ನು ವಿಶೇಷ ತೊಟ್ಟಿಗೆ ಸುರಿಯುತ್ತಾರೆ. ಅದರ ಕೊಳವೆ ಚರಂಡಿಗೆ ಸೇರದೆ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಪೂಜೆಯ ಬಟ್ಟೆಗಳನ್ನು ಮೊದಲ ಸಲ ಅದ್ದಿ ತೆಗೆದ ನೀರೂ ಅಲ್ಲಿಗೇ ಹೋಗುತ್ತದೆ. ಆಮೇಲಷ್ಟೇ ಸೋಪು, ಇಸ್ತ್ರಿ.

ಬೀಳಿಸಿದ ಮಗುವನ್ನು ಎಲ್ಲರೆದುರು ಗದರಿಸುವುದು ಗೌರವದ ಲಕ್ಷಣವಲ್ಲ. ಅಳುವಷ್ಟು ಹೆದರಿದ್ದ ಹುಡುಗಿಯ ಮುಂದೆ ಗುರುಗಳೊಬ್ಬರು ಕುಳಿತು, ಬಿದ್ದದ್ದನ್ನು ತಾವೇ ಎತ್ತಿ ಸೇವಿಸಿ, ಅವಳಿಗೆ ಇನ್ನೊಂದನ್ನು ಕೊಟ್ಟು, ಮುಗುಳ್ನಕ್ಕು ಮುಂದೆ ಹೋದದ್ದನ್ನು ಕಂಡಿದ್ದೇನೆ. ಎರಡಕ್ಕೂ ಅಲ್ಲಿ ಜಾಗವಿತ್ತು: ನೆಲದ ಮೇಲಿದ್ದ ಕ್ರಿಸ್ತರಿಗೂ, ನಿಂತು ನಡುಗುತ್ತಿದ್ದ ಮಗುವಿಗೂ.

ಬೇಕೆಂದೇ ಎಸೆಯುವುದು, ಕೆಟ್ಟ ಉದ್ದೇಶಕ್ಕೆ ಒಯ್ಯುವುದು ಬೇರೆಯೇ ವಿಷಯ. ಅದಕ್ಕೆ ತಾನಾಗಿಯೇ ಬಹಿಷ್ಕಾರದ ಶಿಕ್ಷೆ ತಗಲುತ್ತದೆ, ಅದನ್ನು ತೆಗೆಯುವ ಅಧಿಕಾರ ರೋಮಿನ ಪೀಠಕ್ಕೆ ಮೀಸಲು.

ಗುರುಗಳು ಎಷ್ಟು ಸಲ ಮೊಣಕಾಲೂರುತ್ತಾರೆ? ಮಂಡಿನೋವಿದ್ದವರು ಏನು ಮಾಡುತ್ತಾರೆ?

ಈಗಿನ ವಿಧಿಯಲ್ಲಿ ಮೂರು ಸಲ: ರೊಟ್ಟಿಯನ್ನು ಎತ್ತಿ ತೋರಿಸಿದ ಮೇಲೆ, ಪಾನಪಾತ್ರೆಯನ್ನು ಎತ್ತಿ ತೋರಿಸಿದ ಮೇಲೆ, ಮತ್ತು ಪರಮಪ್ರಸಾದ ಸ್ವೀಕರಿಸುವ ಮುನ್ನ. ಮಂಡಿ ಬಗ್ಗದ ಗುರುಗಳು ಆಳವಾಗಿ ತಲೆಬಾಗಿದರೆ ಸಾಕು. ಎರಡೂ ಕೈಯಲ್ಲಿ ಪೀಠದ ಅಂಚು ಹಿಡಿದು ನಿಧಾನಕ್ಕೆ ಇಳಿದು, ಏಳಲು ಒದ್ದಾಡುವ ವೃದ್ಧ ಗುರುಗಳನ್ನು ಕಂಡರೆ ಬೇಡಿ ಫಾದರ್ ಎಂದು ತಡೆಯುವ ಮನಸ್ಸಾಗುತ್ತದೆ. ಆದರೆ ತಡೆಯಬೇಡಿ. ಅದು ಅವರ ಅರ್ಪಣೆ.

ದಿನಾಲೂ ಅದೇ ಪೂಜೆ, ಅದೇ ಮಾತು. ರೂಢಿಯಾಗಿ ಗೌರವ ಸವೆದುಹೋಗುವುದಿಲ್ಲವೇ?

ಸವೆಯಬಹುದು. ಇದನ್ನು ಗುರುಗಳೇ ಒಪ್ಪುತ್ತಾರೆ. ದಿನಾಲೂ ಪೂಜೆ ಅರ್ಪಿಸಬೇಕೆಂದು ಧರ್ಮಸಭೆ ಅವರಿಗೆ ಒತ್ತಿ ಶಿಫಾರಸು ಮಾಡುತ್ತದೆ; ಜನ ಬರಲಾಗದ ದಿನವೂ ಅದು ಕ್ರಿಸ್ತರ ಮತ್ತು ಧರ್ಮಸಭೆಯ ಕಾರ್ಯವೇ ಎನ್ನುತ್ತದೆ. ಐವತ್ತು ವರ್ಷ ಸೇವೆ ಮಾಡಿದ ಗುರುಗಳ ನಾಲಿಗೆಯ ಮೇಲೆ ಆ ಮಾತುಗಳು ಹದಿನೆಂಟು ಸಾವಿರ ಸಲಕ್ಕೂ ಮೀರಿ ಹಾದುಹೋಗಿರುತ್ತವೆ. ಪ್ರತಿ ಸಲವೂ ಮನಸ್ಸು ಉಕ್ಕಬೇಕೆಂದರೆ ಯಾವ ಮನುಷ್ಯನಿಂದಲೂ ಆಗದು.

ಆದರೆ ಗೌರವವನ್ನು ಭಾವೋದ್ರೇಕದಿಂದ ಅಳೆಯುವುದೇ ತಪ್ಪು. ಮನಸ್ಸು ಒಣಗಿರುವ ಬೆಳಿಗ್ಗೆಯೂ ಕೈ ಅದೇ ಜತನದಿಂದ ನಡೆದರೆ, ಅವಸರವಿದ್ದರೂ ಮಾತು ನುಂಗದಿದ್ದರೆ, ಅದು ಪ್ರೀತಿಯೇ. ಕಾಯಿಲೆ ಬಿದ್ದ ತಾಯಿಗೆ ಹತ್ತು ವರ್ಷ ಹೊತ್ತುಹೊತ್ತಿಗೆ ಔಷಧಿ ಕೊಡುವ ಮಗಳು ಪ್ರತಿ ಸಲವೂ ಕಣ್ಣೀರಿಡುವುದಿಲ್ಲ. ಗುಳಿಗೆ ತಪ್ಪಿಸುವುದೂ ಇಲ್ಲ.

ಗುರುದೀಕ್ಷೆಯ ದಿನ ಧರ್ಮಾಧ್ಯಕ್ಷರು ಹೊಸ ಗುರುವಿನ ಕೈಗೆ ರೊಟ್ಟಿಯ ತಟ್ಟೆಯನ್ನೂ ಪಾನಪಾತ್ರೆಯನ್ನೂ ಕೊಡುತ್ತಾರೆ. ಏನು ಮಾಡುತ್ತಿರುವೆ ಎಂಬುದನ್ನು ಅರಿತುಕೋ, ಆಚರಿಸುವುದನ್ನು ಅನುಸರಿಸು, ಪ್ರಭುವಿನ ಶಿಲುಬೆಯ ರಹಸ್ಯಕ್ಕೆ ನಿನ್ನ ಬಾಳನ್ನು ಹೊಂದಿಸಿಕೋ ಎಂಬುದು ಆಗ ಅವರು ಹೇಳುವ ಮಾತಿನ ಸಾರ. ಈ ಮೂರನ್ನೂ ಒಂದೇ ದಿನದಲ್ಲಿ ಮಾಡಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ದಿನನಿತ್ಯದ ಪೂಜೆ ಇರುವುದೇ ಅದಕ್ಕಾಗಿ ಎಂದು ನನಗೆ ತೋರುತ್ತದೆ.

ಒಂದು ದಿನ ಎಷ್ಟು ಪೂಜೆ ಅರ್ಪಿಸಬಹುದು?

ಸಾಮಾನ್ಯವಾಗಿ ಒಂದು. ಗುರುಗಳ ಕೊರತೆ ಇರುವಲ್ಲಿ ಧರ್ಮಾಧ್ಯಕ್ಷರ ಅನುಮತಿಯಿಂದ ಎರಡು. ಭಾನುವಾರ ಮತ್ತು ಕಡ್ಡಾಯ ಹಬ್ಬದ ದಿನ ಅಗತ್ಯವಿದ್ದರೆ ಮೂರು. ಶುಭ ಶುಕ್ರವಾರದಂದು ಎಲ್ಲಿಯೂ ಬಲಿಪೂಜೆ ಇಲ್ಲ. ಹಿಂದಿನ ಸಂಜೆ ಪವಿತ್ರೀಕರಿಸಿದ ಪರಮಪ್ರಸಾದವನ್ನೇ ಕೊಡುತ್ತಾರೆ.

ಗುರುವೇ ಪಾಪದಲ್ಲಿ ಬಿದ್ದಿದ್ದರೆ ಆ ಪೂಜೆ ಫಲಿಸುತ್ತದೆಯೇ?

ಫಲಿಸುತ್ತದೆ. ಸಂಸ್ಕಾರದ ಒಡೆಯರು ಕ್ರಿಸ್ತರು, ಗುರುವಲ್ಲ. ಪಾಪಿಯಾದ ಗುರು ಕೊಟ್ಟ ಸಂಸ್ಕಾರ ಫಲಿಸದು ಎನ್ನುತ್ತಿದ್ದ ಡೊನಾಟಿಸ್ಟರ ವಿರುದ್ಧ ಸಂತ ಅಗಸ್ಟೀನರು ನಡೆಸಿದ ವಾದದ ತಿರುಳು ಇದೇ. 1226ರಲ್ಲಿ ತೀರಿಕೊಂಡ ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ಮರಣಶಾಸನದಲ್ಲಿ, ಬಡ ಗುರುಗಳಲ್ಲಿ ತಾವು ಪಾಪವನ್ನು ಎಣಿಸಲು ಹೋಗುವುದಿಲ್ಲ, ಏಕೆಂದರೆ ದೇವಪುತ್ರರ ಶರೀರವನ್ನೂ ರಕ್ತವನ್ನೂ ಜನರಿಗೆ ಕೊಡುವವರು ಅವರೇ ಎಂದು ಬರೆಸಿದ್ದಾರೆ.

ಆದರೆ ಇದು ಜನರ ನೆಮ್ಮದಿಗಾಗಿ ಹೇಳಿದ ಮಾತು, ಗುರುವಿಗೆ ಕೊಟ್ಟ ವಿನಾಯಿತಿಯಲ್ಲ. ಮಾರಕ ಪಾಪದ ಅರಿವಿರುವ ಗುರು ಪಾಪನಿವೇದನೆ ಮಾಡದೆ ಪೂಜೆ ಅರ್ಪಿಸಕೂಡದು. ಗಂಭೀರ ಕಾರಣವಿದ್ದು, ಪಾಪನಿವೇದನೆಗೆ ಅವಕಾಶವೇ ಸಿಗದಿದ್ದರೆ ಪರಿಪೂರ್ಣ ಪಶ್ಚಾತ್ತಾಪ ಪಟ್ಟು, ಆದಷ್ಟು ಬೇಗ ನಿವೇದನೆ ಮಾಡುವ ಸಂಕಲ್ಪ ಮಾಡಬೇಕು. ಇನ್ನೊಬ್ಬರಿಗೆ, ಅದರಲ್ಲೂ ಮಕ್ಕಳಿಗೆ ಕೇಡು ಮಾಡಿದ ಗುರುವನ್ನು ರಕ್ಷಿಸಲು ‘ಪೂಜೆ ಮಾಡುವ ಕೈ’ ಎಂಬ ಮಾತನ್ನು ಯಾರಾದರೂ ಬಳಸಿದರೆ, ಅದಕ್ಕಿಂತ ದೊಡ್ಡ ಅವಮಾನ ಪರಮಪ್ರಸಾದಕ್ಕೆ ಇಲ್ಲ. ಆ ಕೈ ಪವಿತ್ರವಾದುದನ್ನು ಮುಟ್ಟುತ್ತದೆ ಎಂಬುದು ಅಪರಾಧದ ತೂಕವನ್ನು ಹೆಚ್ಚಿಸುತ್ತದೆ.

ಪೂಜೆಯನ್ನು ಆಕರ್ಷಕವಾಗಿಸಲು ಗುರುಗಳು ತಮ್ಮದೇ ಮಾತು ಸೇರಿಸಬಹುದೇ?

ಪ್ರಬೋಧನೆ ಅವರದ್ದೇ. ವಿಧಿ ಅವರದ್ದಲ್ಲ. ಗುರುವೇ ಆಗಲಿ, ಯಾರೂ ಸ್ವಂತ ಅಧಿಕಾರದಿಂದ ಪೂಜಾವಿಧಿಗೆ ಏನನ್ನೂ ಕೂಡಿಸಬಾರದು, ಕಳೆಯಬಾರದು, ಬದಲಿಸಬಾರದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. ಜನಪ್ರಿಯತೆಗಾಗಿ ಪೂಜೆಯನ್ನು ತನ್ನ ಪ್ರದರ್ಶನವಾಗಿಸುವುದು ನನಗೆ ಸಂಕಟ ತರುತ್ತದೆ. ಅಷ್ಟೇ ಸಂಕಟ, ಇಪ್ಪತ್ತು ನಿಮಿಷದಲ್ಲಿ ಓಡಿಸಿ ಮುಗಿಸುವುದನ್ನು ಕಂಡಾಗ. ಎರಡರಲ್ಲೂ ಗುರು ತನ್ನನ್ನೇ ಮುಂದಿಟ್ಟುಕೊಂಡಿರುತ್ತಾನೆ.

ಕೈಯಲ್ಲಿ ಸ್ವೀಕರಿಸುವುದು ಅಗೌರವವೇ?

ಅಲ್ಲ. ಪ್ರಾಚೀನ ಧರ್ಮಸಭೆಯಲ್ಲಿ ಕೈಯಲ್ಲೂ ಸ್ವೀಕರಿಸುತ್ತಿದ್ದರು. ನಾಲಿಗೆಯ ಮೇಲಿಡುವ ರೂಢಿ ಆಮೇಲೆ ಬೇರೂರಿತು. ಕೈಯಲ್ಲಿ ಕೊಡಲು ಅನುಮತಿ ಕೋರುವ ದಾರಿಯನ್ನು ರೋಮ್ 1969ರಲ್ಲಿ ತೆರೆಯಿತು, ನಾಲಿಗೆಯ ಮೇಲೆ ಸ್ವೀಕರಿಸುವ ಹಕ್ಕನ್ನು ಉಳಿಸಿತು. ಕೈಯಲ್ಲಿ ಪಡೆದರೆ ಅಲ್ಲೇ, ಗುರುಗಳ ಮುಂದೆಯೇ ಸೇವಿಸಿ, ಅಂಗೈಯನ್ನೊಮ್ಮೆ ನೋಡಿಕೊಳ್ಳಿ. ಪಕ್ಕದವರು ಹೇಗೆ ಸ್ವೀಕರಿಸಿದರು ಎಂದು ನೋಡುವುದು ಬೇಡ.

ಗೋಧಿ ಒಗ್ಗದವರಿಗೆ, ಮದ್ಯ ಬಿಟ್ಟಿರುವ ಗುರುಗಳಿಗೆ?

ರೊಟ್ಟಿಯಾಗುವಷ್ಟು ಗ್ಲುಟೆನ್ ಅಂಶ ಇರಲೇಬೇಕು. ಅತ್ಯಲ್ಪ ಗ್ಲುಟೆನ್ ಇರುವ ರೊಟ್ಟಿಗೆ ಅನುಮತಿ ಇದೆ, ಅಕ್ಕಿಯ ರೊಟ್ಟಿಗೆ ಇಲ್ಲ. ಅಷ್ಟೂ ಒಗ್ಗದವರು ಪಾನಪಾತ್ರೆಯಿಂದ ಮಾತ್ರ ಸ್ವೀಕರಿಸಬಹುದು, ಕ್ರಿಸ್ತರು ಅಲ್ಲಿಯೂ ಪೂರ್ಣವಾಗಿದ್ದಾರೆ. ಮದ್ಯ ಮುಟ್ಟಬಾರದ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುದುಗುವಿಕೆ ಆಗಷ್ಟೇ ಆರಂಭವಾದ ದ್ರಾಕ್ಷಿರಸವನ್ನು ಬಳಸುತ್ತಾರೆ. ಯಾರಾದರೂ ಹಾಗೆ ಮಾಡುತ್ತಿದ್ದರೆ ಕಾರಣ ಕೇಳಬೇಡಿ.

ಪರಮಪ್ರಸಾದದ ಪೆಟ್ಟಿಗೆಗೆ ಬೀಗವೇಕೆ, ದೀಪವೇಕೆ?

ಕಾಯಿಲೆಯವರಿಗೆ, ಸಾಯುವವರಿಗೆ ಒಯ್ಯಲು ಪರಮಪ್ರಸಾದವನ್ನು ಕಾದಿರಿಸುತ್ತಾರೆ. ಎಲ್ಲ ದೇವಾಲಯಗಳಲ್ಲೂ ಅದನ್ನು ಬೀಗ ಹಾಕಿಯೇ ಇಡಬೇಕೆಂದು ನಾಲ್ಕನೇ ಲ್ಯಾಟರನ್ ಮಹಾಸಭೆ 1215ರಲ್ಲೇ ಆಜ್ಞಾಪಿಸಿತು. ಅಜಾಗರೂಕತೆ ತೋರಿದವರನ್ನು ಮೂರು ತಿಂಗಳು ಸೇವೆಯಿಂದ ಅಮಾನತುಗೊಳಿಸಬೇಕೆಂದಿತು. ಇಂದಿನ ಕಾನೂನಿನ ಪ್ರಕಾರ ಪೆಟ್ಟಿಗೆ ಕದಲದಂತೆ ಇರಬೇಕು, ಗಟ್ಟಿಯಾಗಿರಬೇಕು, ಒಳಗಿನದು ಹೊರಗೆ ಕಾಣಬಾರದು, ಕೀಲಿಯನ್ನು ಅತ್ಯಂತ ಜೋಪಾನವಾಗಿ ಇಟ್ಟುಕೊಳ್ಳಬೇಕು. ಪಕ್ಕದಲ್ಲಿ ಸದಾ ಉರಿಯುವ ದೀಪ, ಕ್ರಿಸ್ತರು ಇಲ್ಲಿದ್ದಾರೆ ಎಂದು ಒಳಬರುವವರಿಗೆ ತಿಳಿಸಲು.

2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋಟ್ರ್ ಡಾಮ್ ಮಹಾದೇವಾಲಯ ಹೊತ್ತಿ ಉರಿಯುವಾಗ ಅಗ್ನಿಶಾಮಕ ದಳದ ಆಧ್ಯಾತ್ಮಿಕ ಗುರು ಫಾದರ್ ಜಾನ್-ಮಾರ್ಕ್ ಫೂರ್ನಿಯೆ ಒಳಗೆ ಹೋದರು. ಮುಳ್ಳಿನ ಕಿರೀಟದ ಅವಶೇಷವನ್ನು ಉಳಿಸುವ ಕೆಲಸದಲ್ಲಿ ಪಾಲ್ಗೊಂಡ ಅವರು ಪರಮಪ್ರಸಾದವನ್ನೂ ಹೊರತಂದರು. ತರುವ ಮುನ್ನ ಅದರಿಂದಲೇ ಉರಿಯುತ್ತಿದ್ದ ಆ ದೇವಾಲಯಕ್ಕೆ ಆಶೀರ್ವಾದ ನೀಡಿದರು. ಅಲ್ಲಿ ಬೆಲೆಬಾಳುವ ವಸ್ತುಗಳು ಬೇಕಾದಷ್ಟು ಇದ್ದವು. ಗುರುವಿನ ಮನಸ್ಸು ಎಲ್ಲಿರಬೇಕೋ ಅಲ್ಲಿತ್ತು.

ಪೀಠ, ವಸ್ತ್ರ, ಪಾತ್ರೆ ಯಾವುದೂ ಇಲ್ಲದಿದ್ದರೆ ಗೌರವ ಹೇಗೆ?

ಇದಕ್ಕೆ ಉತ್ತರವನ್ನು ಸೆರೆಮನೆಗಳು ಕೊಟ್ಟಿವೆ.

ವಿಯೆಟ್ನಾಮಿನ ಮಹಾಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್ ಅವರನ್ನು 1975ರ ಆಗಸ್ಟ್ 15ರಂದು ಬಂಧಿಸಿದರು. ಹದಿಮೂರು ವರ್ಷ ಸೆರೆ, ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ. ಹೊಟ್ಟೆನೋವಿಗೆ ಔಷಧಿ ಬೇಕೆಂದು ಅವರು ಹೊರಗೆ ಬರೆದರು. ಹೊರಗಿನವರಿಗೆ ಅರ್ಥವಾಯಿತು, ಔಷಧಿಯ ಹೆಸರಿನಲ್ಲಿ ಪೂಜೆಯ ದ್ರಾಕ್ಷಾರಸ ಬಂತು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು, ರೊಟ್ಟಿಯ ಚೂರು. ಅದೇ ಅವರ ಪೀಠ, ಅದೇ ಅವರ ಮಹಾದೇವಾಲಯ. ಶಿಬಿರದಲ್ಲಿ ಇತರ ಕೈದಿಗಳ ಜೊತೆ ಇದ್ದಾಗ ದೀಪ ಆರಿದ ಮೇಲೆ ಹಾಸಿಗೆಯ ಮೇಲೆ ಬಾಗಿ ಬಾಯಿಪಾಠವಾಗಿ ಪೂಜೆ ಅರ್ಪಿಸಿ, ಸೊಳ್ಳೆಪರದೆಯ ಅಡಿಯಿಂದ ಪರಮಪ್ರಸಾದವನ್ನು ದಾಟಿಸುತ್ತಿದ್ದರು. ಸಿಗರೇಟು ಪೊಟ್ಟಣದ ಕಾಗದದಿಂದ ಪುಟ್ಟ ಚೀಲ ಮಾಡಿ ಅದನ್ನು ಕಾದಿರಿಸುತ್ತಿದ್ದರು. ಮುಂದೆ ಕಾರ್ಡಿನಲ್ ಆದ ಅವರು 2000ದಲ್ಲಿ ಪೋಪ್ ಎರಡನೇ ಜಾನ್ ಪೌಲರಿಗೆ ಧ್ಯಾನಕೂಟ ನಡೆಸಿಕೊಟ್ಟಾಗ ಇದನ್ನು ನೆನಪಿಸಿಕೊಂಡರು.

ಕಾರ್ಲ್ ಲೈಸ್ನರ್ ಎಂಬ ಜರ್ಮನ್ ಸೇವಾಕರ್ತರದು ಇನ್ನೊಂದು ಕಥೆ. ಕ್ಷಯರೋಗಿಯಾಗಿದ್ದ ಅವರಿಗೆ ದಾಖಾವ್ ಯಾತನಾಶಿಬಿರದಲ್ಲಿ, ತಾವೂ ಕೈದಿಯಾಗಿದ್ದ ಫ್ರೆಂಚ್ ಧರ್ಮಾಧ್ಯಕ್ಷ ಪಿಗೆ ಅವರು 1944ರ ಡಿಸೆಂಬರ್ 17ರಂದು ಗುಟ್ಟಾಗಿ ಗುರುದೀಕ್ಷೆ ಕೊಟ್ಟರು. ಡಿಸೆಂಬರ್ 26ರಂದು ಲೈಸ್ನರ್ ತಮ್ಮ ಮೊದಲ ಪೂಜೆ ಅರ್ಪಿಸಿದರು. ಎರಡನೆಯದು ಇರಲಿಲ್ಲ, ಮರುವರ್ಷ ಆಗಸ್ಟ್ 12ರಂದು ತೀರಿಕೊಂಡರು. ಒಂದೇ ಒಂದು ಪೂಜೆಗಾಗಿ ಒಬ್ಬ ಮನುಷ್ಯ ಗುರುವಾಗುವುದು ಸಾರ್ಥಕವೇ ಎಂದು ಮಕ್ಕಳನ್ನು ಕೇಳಿ ನೋಡಿ. ಅವರ ಉತ್ತರ ನಿಮ್ಮನ್ನು ಬೆರಗಾಗಿಸುತ್ತದೆ.

ಹಸಿದವರಿರುವಾಗ ಚಿನ್ನದ ಪಾತ್ರೆ ಏಕೆ?

ಈ ಪ್ರಶ್ನೆಯನ್ನು ಧರ್ಮಸಭೆಯ ಹೊರಗಿನವರಷ್ಟೇ ಕೇಳುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಸಂತ ಜಾನ್ ಕ್ರಿಸೊಸ್ತೊಮರು ಪೀಠದ ಬಳಿ ನಿಂತೇ ಕೇಳಿದರು: ಇಲ್ಲಿ ಕ್ರಿಸ್ತರಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬತ್ತಲೆ ನಿಂತ ಅದೇ ಕ್ರಿಸ್ತರನ್ನು ಕಡೆಗಣಿಸುತ್ತೀರಾ? ಇದು ನನ್ನ ಶರೀರ ಎಂದವರೇ, ನಾನು ಹಸಿದಿದ್ದೆ, ನೀವು ಊಟ ಕೊಡಲಿಲ್ಲ ಎಂದೂ ಹೇಳಿದ್ದಾರೆ ಎಂಬುದು ಅವರ ವಾದ. ಪಾತ್ರೆಗಳನ್ನು ಎಸೆಯಿರಿ ಎಂದು ಅವರು ಹೇಳಲಿಲ್ಲ. ಮೊದಲು ಹಸಿದವನಿಗೆ ಉಣಿಸಿ, ಆಮೇಲೆ ಉಳಿದದ್ದರಲ್ಲಿ ಪೀಠವನ್ನು ಅಲಂಕರಿಸಿ ಎಂದರು.

ನನ್ನ ನಿಲುವೂ ಅದೇ. ಪಾತ್ರೆ ಯೋಗ್ಯ ಲೋಹದ್ದಾಗಿರಲಿ. ಸುಲಭವಾಗಿ ಒಡೆಯುವ, ಅಗ್ಗದ ಅಡುಗೆಮನೆ ಸಾಮಾನಿನಂಥದ್ದು ಬೇಡ ಎಂಬ ನಿಯಮ ಸರಿಯಾಗಿದೆ. ಬಡವರೂ ಅದನ್ನೇ ಬಯಸುತ್ತಾರೆ. ಪೀಠಕ್ಕೆ ಹೂವು ತರುವವರಲ್ಲಿ ಹೆಚ್ಚಿನವರು ಬಡವರೇ. ಆದರೆ ಪರಮಪ್ರಸಾದದ ಚೂರನ್ನು ಬೆಳಕಿಗೆ ಹಿಡಿದು ಹುಡುಕುವ ಗುರುಗಳು, ಕಚೇರಿಯ ಬಾಗಿಲಲ್ಲಿ ಕಾಯುವ ವಿಧವೆಯನ್ನು ನಾಳೆ ಬಾ ಎಂದು ಕಳುಹಿಸಿದರೆ, ಆ ಹುಡುಕಾಟದಲ್ಲಿ ಏನೋ ಕಳೆದುಹೋಗಿದೆ. ಯೊವಾನ್ನ ಶುಭಸಂದೇಶಕಾರರು ಕಡೆಯ ಭೋಜನವನ್ನು ವಿವರಿಸುವಾಗ ‘ಇದು ನನ್ನ ಶರೀರ’ ಎಂಬ ಮಾತನ್ನೇ ಎತ್ತದೆ, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಬರೆದಿದ್ದಾರೆ. ಪವಿತ್ರ ಗುರುವಾರದ ಪೂಜೆಯಲ್ಲಿ ಇವೆರಡೂ ಕೂಡಿಬರುತ್ತವೆ. ಎಲ್ ಸಾಲ್ವಡೋರಿನ ಮಹಾಧರ್ಮಾಧ್ಯಕ್ಷ ಸಂತ ಆಸ್ಕರ್ ರೊಮೇರೊ ಬಡವರ ಪರ ದನಿಯೆತ್ತಿದ್ದಕ್ಕಾಗಿ 1980ರ ಮಾರ್ಚ್ 24ರಂದು ಆಸ್ಪತ್ರೆಯ ಚಾಪೆಲಿನಲ್ಲಿ ಪೂಜೆ ಅರ್ಪಿಸುತ್ತಿರುವಾಗಲೇ ಗುಂಡೇಟಿಗೆ ಬಲಿಯಾದರು. ಪೀಠದ ಗೌರವ ಒಂದು ಕಡೆ, ಜನರ ಗೌರವ ಇನ್ನೊಂದು ಕಡೆ ಎಂದು ಅವರ ಬಾಳನ್ನು ಹರಿದು ನೋಡಲಾಗದು.

ಆರಾಧನೆಯಲ್ಲಿ ಗುರುಗಳು ಗಂಟೆಗಟ್ಟಲೆ ಸುಮ್ಮನೆ ಕೂತು ಏನು ಮಾಡುತ್ತಾರೆ?

ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಗುರು ಸಂತ ಜಾನ್ ಮರಿಯ ವಿಯಾನ್ನಿ (1786–1859) ಅವರ ಕಾಲದಲ್ಲಿ ಒಬ್ಬ ರೈತ ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂರುತ್ತಿದ್ದ. ಏನು ಮಾಡುತ್ತೀಯ ಎಂದು ಕೇಳಿದಾಗ, ನಾನು ಅವರನ್ನು ನೋಡುತ್ತೇನೆ, ಅವರು ನನ್ನನ್ನು ನೋಡುತ್ತಾರೆ ಎಂದನಂತೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಈ ಮಾತನ್ನು ಎತ್ತಿಕೊಂಡಿದೆ. ನಾನು ಇದಕ್ಕೆ ಸೇರಿಸುವುದು ಏನೂ ಇಲ್ಲ.

ನಮ್ಮ ಗುರುಗಳು ಗೌರವದಿಂದ ಪೂಜೆ ಅರ್ಪಿಸಲು ನಾವೇನು ಮಾಡಬಹುದು?

ಬಹಳ ಮಾಡಬಹುದು. ಪೂಜೆಗೆ ಐದು ನಿಮಿಷ ಇರುವಾಗ ಯಾವ ಲೆಕ್ಕಪತ್ರವನ್ನೂ ಅವರ ಮುಂದೆ ಹಿಡಿಯಬೇಡಿ. ಓದುವವರು, ಹಾಡುವವರು ತಮ್ಮ ಪಾಲನ್ನು ಹಿಂದಿನ ದಿನವೇ ಸಿದ್ಧಪಡಿಸಿಕೊಳ್ಳಲಿ. ಪೂಜೆಗೆ ಬಳಸುವ ಬಟ್ಟೆ ಕಲೆಯಾಗಿದ್ದರೆ ಹೊಸದನ್ನು ಹೊಲಿಸಿಕೊಡಿ. ಒಳ್ಳೆಯ ಹತ್ತಿ ಅಥವಾ ನಾರುಬಟ್ಟೆ ಸಾಕು. ಅವರು ಪಾತ್ರೆ ಶುದ್ಧಗೊಳಿಸುವಾಗ ಪ್ರಕಟಣೆ ಆರಂಭಿಸಬೇಡಿ. ಮುಖ್ಯವಾಗಿ, ಮುಗಿದ ಕೂಡಲೇ ಅವರ ಸುತ್ತ ಮುತ್ತಿಕೊಳ್ಳುವ ಮುನ್ನ ಹತ್ತು ನಿಮಿಷ ಬಿಟ್ಟುಬಿಡಿ. ಅವರೂ ಈಗಷ್ಟೇ ಪರಮಪ್ರಸಾದ ಸ್ವೀಕರಿಸಿದ್ದಾರೆ, ಅವರಿಗೂ ಕೃತಜ್ಞತೆ ಹೇಳಲು ಸಮಯ ಬೇಕು. ಫಾದರ್ ಎಲ್ಲಿ ಎಂದು ಯಾರಾದರೂ ಕೇಳಿದರೆ, ಪ್ರಾರ್ಥನೆಯಲ್ಲಿದ್ದಾರೆ, ಸ್ವಲ್ಪ ಕಾಯಿರಿ ಎಂದು ಹೇಳಲು ಬಾಗಿಲ ಬಳಿ ಒಬ್ಬರು ನಿಂತರೆ ಸಾಕು.